ಮುಡಿ, ಕತ್ತಿ ಮತ್ತು ಪಟಿಕದ ಹರಳು

ಮಳವಳ್ಳಿ, ಮದ್ದೂರು, ಕನಕಪುರದ ಕಡೆಯ ಯಾವ ಶಾಲೆಯ ಹಾಜರಿ ಪುಸ್ತಕ ತೆರೆದರೂ ಒಬ್ಬ ಮುತ್ತುರಾಜನೋ ಮುತ್ತಯ್ಯನೋ ಸಿಗದೆ ಹೋಗುವುದಿಲ್ಲ. ಮೂವತ್ತು ವರ್ಷ ಮೇಷ್ಟರಾಗಿ ಹಾಜರಿ ಕೂಗಿದ ನನಗೆ ಒಂದೇ ತರಗತಿಯಲ್ಲಿ ಮೂವರು ಮುತ್ತುರಾಜರು ಸಿಕ್ಕಿ, ಅವರನ್ನು ಇನಿಷಿಯಲ್ ಹಿಡಿದು ಕರೆಯಬೇಕಾದ ವರ್ಷಗಳೂ ಇದ್ದವು. ಎಲ್ಲರೂ ಮುತ್ತತ್ತಿರಾಯನ ಹರಕೆಯ ಮಕ್ಕಳು. 1929ರಲ್ಲಿ ಗಾಜನೂರಿನಲ್ಲಿ ಹುಟ್ಟಿದ ಒಂದು ಗಂಡುಮಗುವಿಗೂ ಇದೇ ದೇವರ ಹೆಸರಿಟ್ಟರು. ಆ ಮುತ್ತುರಾಜನೇ ಮುಂದೆ ರಾಜಕುಮಾರ್ ಆದದ್ದು ನಾಡಿಗೇ ಗೊತ್ತು.

ಮಳವಳ್ಳಿ ತಾಲ್ಲೂಕಿನ ಹಲಗೂರು ದಾಟಿ ಕಾಡುದಾರಿ ಹಿಡಿದು ಇಳಿದರೆ ಕಾವೇರಿಯ ದಂಡೆಯಲ್ಲಿ ಮುತ್ತತ್ತಿ. ಸೀತಮ್ಮನವರ ಮೂಗುತಿಯ ಮುತ್ತು ಹೊಳೆಗೆ ಬಿತ್ತಂತೆ, ಆಂಜನೇಯ ಬಾಲದಿಂದ ಮಡುವನ್ನೇ ಕಲಕಿ ಅದನ್ನು ಎತ್ತಿಕೊಟ್ಟನಂತೆ, ಮುತ್ತೆತ್ತಿದ ಜಾಗ ಮುತ್ತತ್ತಿ ಆಯಿತಂತೆ. ಕತೆಯಲ್ಲಿನ ಆ ಮಡುಗಳು ಸುಳ್ಳಲ್ಲ. ಈಜು ಬಾರದೆ ಇಳಿದ ಪೇಟೆಯ ಹುಡುಗರನ್ನು ಅವು ಇಂದಿಗೂ ನುಂಗುತ್ತವೆ. ಅದು ಹಾಗಿರಲಿ. ಜನ ಮುತ್ತತ್ತಿಗೆ ಹೋಗುವುದು ಮುಖ್ಯವಾಗಿ ಮುಡಿ ಕೊಡುವುದಕ್ಕೆ. ಮಗುವಿನ ಮೊದಲ ಕೂದಲು ಅಲ್ಲೇ ತೆಗೆಸಬೇಕು. ಕಾಯಿಲೆ ವಾಸಿಯಾದರೆ, ಕೋರ್ಟಿನ ವ್ಯಾಜ್ಯ ಗೆದ್ದರೆ ದೊಡ್ಡವರೂ ತಲೆ ಬೋಳಿಸಿಕೊಳ್ಳಬೇಕು. ಶನಿವಾರ ಬಂತೆಂದರೆ ಹೊಳೆಯ ಕಲ್ಲುಗಳ ಮೇಲೆ ಸಾಲು ಸಾಲು ಬೋಳುತಲೆಗಳು, ಅವುಗಳ ಮೇಲೆ ಗಂಧದ ಬಳಿತ.

ಇತಿಹಾಸದ ಪುಸ್ತಕಗಳಲ್ಲಿ ದೇವಾಲಯದ ಕಂಬ, ಶಾಸನ, ದತ್ತಿ ಎಲ್ಲಕ್ಕೂ ಜಾಗವಿದೆ. ಕತ್ತಿ ಹೋದ ಮೇಲೆ ಚರ್ಮ ಏನಾಯಿತು ಎಂಬುದಕ್ಕೆ ಇಲ್ಲ. ಮುಡಿ ಕೊಟ್ಟು ಊರಿಗೆ ಬಂದ ಹತ್ತು ಹದಿನೈದು ದಿನಕ್ಕೆ ಕತ್ತಿನ ಹಿಂದೆ, ಗದ್ದದ ಕೆಳಗೆ ಕೆಂಪಗೆ ಗುಳ್ಳೆ ಎದ್ದು, ಕೀವು ತುಂಬಿ, ಅಂಗಿಯ ಕಾಲರು ತಾಗಿದರೆ ಉರಿಯುವುದನ್ನು ಕಂಡವರಿಗೆ ಲೆಕ್ಕವಿಲ್ಲ. ಕೇಳಿದರೆ ನಮ್ಮ ಕಡೆ ಒಂದೇ ಉತ್ತರ: ಉಷ್ಣ. ಹೆಚ್ಚೆಂದರೆ, ಕತ್ತಿ ಆಗಿಬರಲಿಲ್ಲ. ಈ ‘ಉಷ್ಣ’ದ ಹಿಂದಿರುವ ಚರಿತ್ರೆಯನ್ನು ಸ್ವಲ್ಪ ಕೆದಕಿ ನೋಡೋಣ ಎನ್ನುವುದಷ್ಟೇ ನನ್ನ ಉದ್ದೇಶ.

ಮೊದಲು ಕತ್ತಿ. ನಾನು ಹುಡುಗನಾಗಿದ್ದಾಗ ನಮ್ಮೂರಿಗೆ ಬರುತ್ತಿದ್ದ ಕ್ಷೌರಿಕರ ಹೆಗಲಲ್ಲಿ ತೊಗಲಿನ ಚೀಲವೊಂದು ಇರುತ್ತಿತ್ತು. ಹಿಡಿಯೊಳಗೆ ಮಡಚುವ ಕತ್ತಿ, ಸಾಣೆಕಲ್ಲು, ಮಸೆಯಲು ತೊಗಲಿನ ಪಟ್ಟಿ, ಹಿತ್ತಾಳೆಯ ಬಟ್ಟಲು, ಒಂದು ಹರಳು ಪಟಿಕ, ಅಂಗೈಯಗಲದ ಕನ್ನಡಿ ಇಷ್ಟು ಅದರೊಳಗೆ. ಆ ಚೀಲ ಹಡಪ. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರ ಬಳಿಯಲ್ಲೇ ಇದ್ದ ಹಡಪದ ಅಪ್ಪಣ್ಣನವರ ಹೆಸರಿನಲ್ಲಿರುವುದೂ ಇದೇ ಮಾತು. ಪಂಡಿತರು ಅದನ್ನು ಎಲೆಅಡಿಕೆಯ ಸಂಚಿ ಎನ್ನುತ್ತಾರೆ, ಕ್ಷೌರಿಕ ಸಮಾಜದವರು ಅಪ್ಪಣ್ಣನವರನ್ನು ತಮ್ಮ ಹಿರಿಯರೆಂದು ಪೂಜಿಸುತ್ತಾರೆ. ಅಪ್ಪಣ್ಣನವರೂ ಅವರ ಮಡದಿ ಲಿಂಗಮ್ಮನವರೂ ವಚನ ಬರೆದವರು. ಹಡಪ ಹೊತ್ತ ಮನೆಯಲ್ಲಿ ಗಂಡಹೆಂಡಿರಿಬ್ಬರೂ ಬರೆಯುತ್ತಿದ್ದರು ಎಂಬುದನ್ನು ನಾನು ತರಗತಿಯಲ್ಲಿ ಎರಡು ಸಲ ಹೇಳುತ್ತಿದ್ದೆ.

ಕತ್ತಿಯ ಉಕ್ಕಿಗೂ ಒಂದು ಕತೆ ಇದೆ. ನಮ್ಮ ‘ಉಕ್ಕು’ ಎಂಬ ಮಾತೇ ಇಂಗ್ಲಿಷರ ಬಾಯಲ್ಲಿ ‘ವೂಟ್ಜ್’ ಆಯಿತು ಎಂದು ಬಲ್ಲವರು ಹೇಳುತ್ತಾರೆ. ದಕ್ಷಿಣ ಭಾರತದ ಮೂಸೆಯುಕ್ಕಿನ ಗಟ್ಟಿಗಳು ಲಂಡನ್ನಿಗೆ ಹೋದವು. 1795ರಲ್ಲಿ ಜಾರ್ಜ್ ಪಿಯರ್ಸನ್ ಎಂಬಾತ ಅಲ್ಲಿನ ರಾಯಲ್ ಸೊಸೈಟಿಯಲ್ಲಿ ಅದರ ಮೇಲೆ ಪ್ರಬಂಧ ಓದಿದ. ಜೇಮ್ಸ್ ಸ್ಟೋಡಾರ್ಟ್ ಎಂಬ ಕತ್ತಿ ತಯಾರಕನಿಗೆ ಅದರ ಹುಚ್ಚೇ ಹಿಡಿಯಿತು. ಆತ ಜೊತೆಗೆ ಸೇರಿಸಿಕೊಂಡದ್ದು ಯಾರನ್ನು ಗೊತ್ತೆ? ಮುಂದೆ ವಿದ್ಯುತ್ತಿನ ಪ್ರಯೋಗಗಳಿಂದ ಜಗತ್ಪ್ರಸಿದ್ಧನಾದ ಮೈಕೆಲ್ ಫ್ಯಾರಡೆಯನ್ನು. ಇಬ್ಬರೂ 1820ರ ಆಸುಪಾಸಿನಲ್ಲಿ ನಮ್ಮ ಉಕ್ಕಿನ ಗುಟ್ಟು ಬಿಡಿಸಹೋಗಿ ಬೆಳ್ಳಿ, ರೋಡಿಯಂ ಮುಂತಾದವನ್ನು ಉಕ್ಕಿಗೆ ಬೆರೆಸಿ ಮಿಶ್ರಲೋಹ ಮಾಡಿದರು. ಫ್ಯಾರಡೆ ಅದರಿಂದ ಕ್ಷೌರದ ಕತ್ತಿಗಳನ್ನು ಮಾಡಿಸಿ ಗೆಳೆಯರಿಗೆ ಉಡುಗೊರೆ ಕೊಡುತ್ತಿದ್ದ. ಅದಕ್ಕೆ ಇಪ್ಪತ್ತು ವರ್ಷ ಮೊದಲೇ, 1800ರಲ್ಲಿ, ನಮ್ಮ ನೆರೆಯ ಚನ್ನಪಟ್ಟಣವನ್ನು ಹಾದುಹೋದ ಬುಕಾನನ್ ಅಲ್ಲಿ ವಾದ್ಯಗಳಿಗೆ ಎಳೆಯುತ್ತಿದ್ದ ಉಕ್ಕಿನ ತಂತಿಗಳ ಕೀರ್ತಿಯನ್ನು ಬರೆದಿಟ್ಟ. ಅಂತೂ ಒಳ್ಳೆಯ ಉಕ್ಕಿಗೆ ನಮ್ಮ ಸೀಮೆಯಲ್ಲಿ ಬರವಿರಲಿಲ್ಲ.

ಆದರೆ ಉಕ್ಕು ಎಷ್ಟು ಒಳ್ಳೆಯದೋ ಕತ್ತಿ ಅಷ್ಟು ನುಣ್ಣಗೆ ಹೋಗುತ್ತದೆ, ಕೂದಲಿನ ತುದಿ ಅಷ್ಟೇ ಚೂಪಾಗುತ್ತದೆ. ತೊಂದರೆ ಇರುವುದು ಅಲ್ಲೇ. ಓರೆಯಾಗಿ ಕತ್ತರಿಸಿದ ಕೂದಲು ಈಟಿಯ ಮೊನೆಯಂತೆ ಇರುತ್ತದೆ. ನೆಟ್ಟಗೆ ಬೆಳೆಯುವ ಕೂದಲಾದರೆ ಹೊರಕ್ಕೆ ಹೋದೀತು. ಗುಂಗುರು ಕೂದಲಾದರೆ ಒಂದೆರಡು ಮಿಲಿಮೀಟರ್ ಬೆಳೆದು, ಬಾಗಿ, ಪಕ್ಕದ ಚರ್ಮವನ್ನೇ ಚುಚ್ಚಿ ಒಳಹೋಗುತ್ತದೆ. ಇನ್ನೊಂದು ಬಗೆಯೂ ಉಂಟು. ಚರ್ಮವನ್ನು ಎಳೆದು ಹಿಡಿದು ಬೋಳಿಸಿದಾಗ ಕೂದಲು ಚರ್ಮದ ಮಟ್ಟಕ್ಕಿಂತ ಕೆಳಗೆ ಕತ್ತರಿಸಿಹೋಗುತ್ತದೆ. ಕೈ ಬಿಟ್ಟಾಗ ತುದಿ ಒಳಕ್ಕೆ ಸರಿದು, ಹೊರಬರುವ ದಾರಿ ತಪ್ಪಿ, ತನ್ನ ಬುಡದ ಗೋಡೆಯನ್ನೇ ತೂರುತ್ತದೆ. ಮೈ ಅದನ್ನು ಮುಳ್ಳು ಎಂದೇ ತಿಳಿಯುತ್ತದೆ. ಮುಳ್ಳು ಮುರಿದು ಒಳಗಿದ್ದರೆ ಸುತ್ತ ಊದಿ ಕೆಂಪಾಗುವುದಿಲ್ಲವೆ, ಹಾಗೆಯೇ ಇದು. ಉಷ್ಣಕ್ಕೂ ಇದಕ್ಕೂ ಸಂಬಂಧವಿಲ್ಲ.

ಇದನ್ನು ಸರಿಯಾಗಿ ವಿವರಿಸಿದ್ದು 1956ರಲ್ಲಿ, ಅಮೆರಿಕದ ಸ್ಟ್ರಾಸ್ ಮತ್ತು ಕ್ಲಿಗ್‌ಮನ್ ಎಂಬ ಚರ್ಮವೈದ್ಯರು. ಅಲ್ಲಿನ ಕಪ್ಪು ಜನರ ಗಡ್ಡದಲ್ಲಿ ಇದು ವಿಪರೀತ. ಅರ್ಧದಷ್ಟು ಗಂಡಸರಿಗೆ, ಕೆಲವರ ಅಂದಾಜಿನಂತೆ ಇನ್ನೂ ಹೆಚ್ಚು ಜನಕ್ಕೆ ಇದೆ. ಸೇನೆಯಲ್ಲಿ ದಿನಾ ನುಣ್ಣಗೆ ಬೋಳಿಸಿಕೊಳ್ಳಲೇಬೇಕೆಂಬ ಕಟ್ಟಳೆ. ಬೋಳಿಸಿದರೆ ಮುಖವೆಲ್ಲ ಹುಣ್ಣು, ಬಿಟ್ಟರೆ ಶಿಸ್ತಿನ ಕ್ರಮ. ವೈದ್ಯರ ಚೀಟಿ ತಂದು ಗಡ್ಡ ಬಿಡಲು ಅನುಮತಿ ಪಡೆಯಬೇಕಾಯಿತು. ಇದೇ ಕ್ಲಿಗ್‌ಮನ್ ಮೊಡವೆಗೆ ಟ್ರೆಟಿನಾಯಿನ್ ಎಂಬ ಮುಲಾಮನ್ನು ಬಳಕೆಗೆ ತಂದವನು. ಅದೇ ಮನುಷ್ಯ ಫಿಲಡೆಲ್ಫಿಯದ ಹೋಮ್ಸ್‌ಬರ್ಗ್ ಜೈಲಿನಲ್ಲಿ ಎರಡು ದಶಕಗಳ ಕಾಲ, 1974ರವರೆಗೆ, ಕೈದಿಗಳ ಬೆನ್ನಿನ ಮೇಲೆ ಬಗೆಬಗೆಯ ಪ್ರಯೋಗ ನಡೆಸಿದವನೂ ಹೌದು. ಆ ಕೈದಿಗಳಲ್ಲಿ ಹೆಚ್ಚಿನವರು ಕಪ್ಪು ಜನ. ಇಂದು ಔಷಧಿ ಅಂಗಡಿಯಲ್ಲಿ ಸಿಗುವ ಮೊಡವೆಯ ಟ್ಯೂಬಿನ ಹಿಂದೆ ಅವರ ಚರ್ಮವೂ ಇದೆ. ಈ ಸಂಗತಿಯನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ನಮ್ಮಲ್ಲಿ ಕತ್ತಿ ಹೋದ ಮೇಲೆ ಮಾಡುತ್ತಿದ್ದ ಉಪಚಾರ ಮೂರು: ಪಟಿಕ, ಗಂಧ, ಅರಿಶಿನ. ಪಟಿಕದ ಹರಳನ್ನು ನೀರಿಗೆ ಅದ್ದಿ ಮುಖಕ್ಕೆ ಉಜ್ಜಿದರೆ ಚುರ್ ಎನ್ನುತ್ತದೆ. ಅದು ಚರ್ಮವನ್ನು ಬಿಗಿಸಿ ಸಣ್ಣ ಗಾಯದ ರಕ್ತ ನಿಲ್ಲಿಸುತ್ತದೆ, ಅಷ್ಟಿಷ್ಟು ರೋಗಾಣುಗಳನ್ನೂ ತಡೆಯುತ್ತದೆ. ಒಂದು ಹರಳು ವರ್ಷಗಟ್ಟಲೆ ಬರುತ್ತದೆ. ಆದರೆ ಒಂದೇ ಹರಳನ್ನು ಊರಿನ ಎಲ್ಲರ ಮುಖಕ್ಕೂ ಉಜ್ಜಿದರೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ಒಳಕ್ಕೆ ತಿರುಗಿದ ಕೂದಲನ್ನಂತೂ ಪಟಿಕ ಹೊರಗೆ ತರಲಾರದು.

ಗಂಧದ ಮಾತು ಬೇರೆ. ಬೋಳುತಲೆಗೆ ಗಂಧ ಬಳಿಯುವುದು ತಂಪಿಗೆ. ಆ ತಂಪು ಬಡವನ ಪಾಲಿಗೆ ಯಾವತ್ತೂ ಸುಲಭದ್ದಾಗಿರಲಿಲ್ಲ. 1792ರಲ್ಲಿ ಟಿಪ್ಪು ಸುಲ್ತಾನ್ ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದ. ಮುಂದೆ ಮೈಸೂರು ಅರಸರೂ ಸರ್ಕಾರವೂ ಆ ಹಕ್ಕನ್ನು ಬಿಡಲಿಲ್ಲ. 2001ರಲ್ಲಿ ಕಾನೂನು ಬದಲಾಗುವವರೆಗೆ ನಿಮ್ಮ ಹೊಲದ ಬದುವಿನಲ್ಲಿ ತಾನಾಗಿ ಎದ್ದ ಗಂಧದ ಗಿಡವೂ ನಿಮ್ಮದಾಗಿರಲಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಯುರೋಪಿಗೆ ಹೋಗಬೇಕಾದ ಗಂಧದ ಕೊರಡುಗಳು ಇಲ್ಲೇ ಉಳಿದಾಗ, ಟಾಟಾ ಇನ್‌ಸ್ಟಿಟ್ಯೂಟಿನ ಸಡ್‌ಬರೋ ಮತ್ತು ವಾಟ್ಸನ್ ಎಣ್ಣೆ ಇಳಿಸುವ ಕ್ರಮವನ್ನು ಸಿದ್ಧಮಾಡಿಕೊಟ್ಟರು. 1916ರಲ್ಲಿ ಬೆಂಗಳೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ಶುರುವಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನ್ ವಿಶ್ವೇಶ್ವರಯ್ಯನವರು, ಇಂಗ್ಲೆಂಡಿಗೆ ಹೋಗಿ ಸಾಬೂನಿನ ವಿದ್ಯೆ ಕಲಿತು ಬಂದ ಸೋಸಲೆ ಗರಳಪುರಿ ಶಾಸ್ತ್ರಿಗಳು, ಇವರೆಲ್ಲರ ಕೈ ಸೇರಿ 1918ರಲ್ಲಿ ಮೈಸೂರು ಸ್ಯಾಂಡಲ್ ಸೋಪು ಬಂತು. ಸೋಸಲೆ ಎಂದರೆ ನಮ್ಮಿಂದ ದೂರವೇನಲ್ಲ, ತಿರುಮಕೂಡಲು ನರಸೀಪುರದ ಪಕ್ಕದ್ದು. ಮದುವೆಯ ತಟ್ಟೆಯಲ್ಲಿ ಆ ಸೋಪಿನ ಪೆಟ್ಟಿಗೆ ಇಡುವುದು ನಮ್ಮ ಮನೆಗಳಲ್ಲಿ ಅಂತಸ್ತಿನ ಗುರುತಾಗಿತ್ತು. ದಿನಾ ಮುಖಕ್ಕೆ ಹಚ್ಚುವ ಧೈರ್ಯ ಯಾರಿಗಿತ್ತು!

ದಿನಬಳಕೆಗೆ ಇದ್ದದ್ದು ಕಾಡಿನ ಸರಕು. ಮುತ್ತತ್ತಿಯ ಸುತ್ತಿನದು ಕುರುಚಲು ಕಾಡು. 1987ರಿಂದ ಅದು ಕಾವೇರಿ ವನ್ಯಜೀವಿ ಧಾಮ. ಕಮರದ ಮರಗಳ ನಡುವೆ ಸುಜ್ಜಲ ಮರ ಯಥೇಚ್ಛ. ಅದರ ಸೊಪ್ಪನ್ನು ನೆರಳಲ್ಲಿ ಒಣಗಿಸಿ ಪುಡಿ ಮಾಡಿದರೆ ಸುಜ್ಜಲಪುಡಿ. ನೀರಿಗೆ ಹಾಕಿ ತಿಕ್ಕಿದರೆ ಎಣ್ಣೆ ಬಿಡಿಸುತ್ತದೆ, ಸೀಗೆಯಷ್ಟು ಕಣ್ಣುರಿ ಇಲ್ಲ. ಸೀಗೆ, ಅಂಟುವಾಳ, ಸುಜ್ಜಲು ಇವುಗಳಲ್ಲೆಲ್ಲ ನೊರೆ ಕೊಡುವ ಸ್ಯಾಪೊನಿನ್ ಎಂಬ ಅಂಶ ಇದೆ. ಮುಖಕ್ಕೆ ಕಡಲೆಹಿಟ್ಟು. ದುಡ್ಡಿನ ಲೆಕ್ಕದಲ್ಲಿ ಇದಕ್ಕಿಂತ ಅಗ್ಗವಾದದ್ದು ಉಂಟೆ?

ಆದರೆ ಹಳೆಯದೆಲ್ಲ ಚಿನ್ನ ಎನ್ನುವ ಮಾತಿಗೆ ನಾನು ಒಪ್ಪುವವನಲ್ಲ. ನಮ್ಮ ತಾಯಂದಿರು ಬೆಳಗಾಗೆದ್ದು ಮಕ್ಕಳ ನೆತ್ತಿಗೆ ಹರಳೆಣ್ಣೆ ತಟ್ಟುತ್ತಿದ್ದರು. ಬಿಸಿಲೇರಿದ ಹಾಗೆ ಅದು ಹಣೆಗೆ ಇಳಿದು, ಕೆನ್ನೆಗೆ ಇಳಿದು, ಮುಖ ಮಿರಮಿರ ಮಿನುಗುತ್ತಿತ್ತು. ಹೈಸ್ಕೂಲಿಗೆ ಬರುವ ಹೊತ್ತಿಗೆ ಹಣೆಯ ಉದ್ದಕ್ಕೂ ಸಾಸಿವೆಯಂಥ ಗುಳ್ಳೆ. ಕೂದಲಿಗೆ ಹಚ್ಚುವ ಜಿಡ್ಡಿನಿಂದಲೇ ಹಣೆಯಲ್ಲಿ ಮೊಡವೆ ಏಳುತ್ತದೆ ಎಂದು 1970ರಲ್ಲಿ ಪ್ಲೆವಿಗ್, ಫುಲ್ಟನ್ ಮತ್ತು ಅದೇ ಕ್ಲಿಗ್‌ಮನ್ ತೋರಿಸಿದರು. ಮೊಡವೆ ಹೊಸ ಕಾಯಿಲೆಯೇನಲ್ಲ. ಸುಶ್ರುತನ ಸಂಹಿತೆಯಲ್ಲಿ ಅದು ಮುಖದೂಷಿಕೆ, ಬೂರುಗದ ಮುಳ್ಳಿನಂಥದು ಎಂಬ ಹೋಲಿಕೆಯೂ ಇದೆ. ಬೂರುಗದ ಮರ ಕಂಡವರಿಗೆ ಈ ಹೋಲಿಕೆ ಎಷ್ಟು ಸರಿ ಎಂದು ತಿಳಿದೀತು. ಇನ್ನು ನಮ್ಮ ಕಡೆ ಕುರುವಿಗೆ ಸುಣ್ಣ ಬೆಲ್ಲ ಕಲಸಿ ಹಚ್ಚುತ್ತಿದ್ದರಲ್ಲ, ಅದನ್ನು ಮುಖದ ಗುಳ್ಳೆಗೂ ಹಚ್ಚಿ ಸುಟ್ಟ ಕಲೆ ಜೀವಮಾನವಿಡೀ ಹೊತ್ತವರನ್ನು ನಾನು ಬಲ್ಲೆ. ಟೂತ್‌ಪೇಸ್ಟು, ನಿಂಬೆರಸ ಹಚ್ಚುವ ಈಗಿನ ಹುಡುಗರದ್ದೂ ಅದೇ ಜಾತಿಯ ಉಪಚಾರ.

ಅಮೆರಿಕದ ಕಿಂಗ್ ಜಿಲೆಟ್ ಎಂಬಾತ 1904ರಲ್ಲಿ ಬಳಸಿ ಬಿಸಾಡುವ ಬ್ಲೇಡಿಗೆ ಪೇಟೆಂಟ್ ಪಡೆದ. ಮಹಾಯುದ್ಧದಲ್ಲಿ ಅಲ್ಲಿನ ಸೈನಿಕರ ಕೈಗೆ ಸರ್ಕಾರವೇ ಆ ಸೆಟ್ಟು ಕೊಟ್ಟಿತು. ಅದೇ ಯುದ್ಧದ ಇನ್ನೊಂದು ಸಂಗತಿ ಕೇಳಿ: ಸರಿಯಾಗಿ ಶುದ್ಧಿ ಮಾಡದ ಕುದುರೆಕೂದಲಿನ ಶೇವಿಂಗ್ ಬ್ರಷ್‌ಗಳಿಂದ ಇಂಗ್ಲೆಂಡ್, ಅಮೆರಿಕಗಳಲ್ಲಿ ಸೈನಿಕರಿಗೂ ನಾಗರಿಕರಿಗೂ ಮುಖದಲ್ಲಿ ಆಂತ್ರಾಕ್ಸ್ ಹುಣ್ಣಾಗಿ ಕೆಲವರು ಸತ್ತೇಹೋದರು. ದನಗಳ ನೆರಡಿ ರೋಗ ಬ್ರಷ್ಷಿನ ಮೂಲಕ ಮನುಷ್ಯನ ಗದ್ದಕ್ಕೆ ಬಂದ ಬಗೆ ಇದು.

ನಮ್ಮ ಹಳ್ಳಿಗಳಿಗೆ ಬ್ಲೇಡು ಬಂದರೂ ಹೊಳೆದಂಡೆಯಲ್ಲಿ ಹಳೆಯ ಕತ್ತಿಯೇ ಬಹಳ ಕಾಲ ಉಳಿಯಿತು. ಅದನ್ನು ಕೆಳಗಿಡಿಸಿದ್ದು ಏಡ್ಸ್ ಭಯ. 1986ರಲ್ಲಿ ಮದ್ರಾಸಿನಲ್ಲಿ ಡಾ. ಸುನೀತಿ ಸಾಲೋಮನ್ ತಂಡ ನಮ್ಮ ದೇಶದ ಮೊದಲ ಎಚ್‌ಐವಿ ಪ್ರಕರಣಗಳನ್ನು ಪತ್ತೆಮಾಡಿತು. ತೊಂಬತ್ತರ ದಶಕದಲ್ಲಿ ಗೋಡೆಬರಹ, ರೇಡಿಯೋ ಎಲ್ಲ ಕಡೆಯೂ ಅದೇ ಮಾತು, ಹೊಸ ಬ್ಲೇಡು ಹಾಕಿಸಿಕೊಳ್ಳಿ. ನಿಜ ಹೇಳಬೇಕೆಂದರೆ ಕ್ಷೌರದಿಂದ ಎಚ್‌ಐವಿ ಹರಡುವ ಸಂಭವ ತೀರ ಕಡಿಮೆ. ಹೆಪಟೈಟಿಸ್ ಬಿ ಕಾಮಾಲೆ, ಹುಳುಕಡ್ಡಿ, ಕೀವುಗುಳ್ಳೆಗಳ ಸಂಭವವೇ ಹೆಚ್ಚು. ಆದರೂ ಆ ಭಯ ಒಳ್ಳೆಯದನ್ನೇ ಮಾಡಿತು. ಬ್ಲೇಡನ್ನು ಎರಡಾಗಿ ಮುರಿದು ಅರ್ಧವನ್ನು ಹಿಡಿಗೆ ಸಿಕ್ಕಿಸಿ, ಕೆಲಸ ಮುಗಿದ ಮೇಲೆ ಬಿಸಾಡುವ ಪದ್ಧತಿ ಮುತ್ತತ್ತಿಗೂ ಬಂತು. ಕ್ಷೌರಿಕರೊಬ್ಬರು ನನ್ನೊಡನೆ ಹೇಳಿದ್ದುಂಟು: “ಮೇಷ್ಟ್ರೇ, ಮೊದಲು ನಮ್ ಕತ್ತಿ ನೋಡಿ ಕೈಮುಗೀತಿದ್ರು. ಆಮೇಲೆ ನಮ್ ಕತ್ತಿ ನೋಡಿ ಎದ್ರುಕೊಳ್ಳೋಕೆ ಸುರು ಮಾಡುದ್ರು.”

ಕತ್ತಿ ಎಲ್ಲರ ಮುಖವನ್ನೂ ಮುಟ್ಟುತ್ತಿರಲಿಲ್ಲ ಎಂಬುದನ್ನು ಬಿಟ್ಟರೆ ಈ ಚರಿತ್ರೆ ಅರ್ಧವಾಗುತ್ತದೆ. ನಮ್ಮೂರಿನ ಹಡಪ ಹೊಲೆಗೇರಿಗೆ ಹೋಗುತ್ತಿರಲಿಲ್ಲ. ಅಲ್ಲಿನವರು ಒಬ್ಬರ ತಲೆಯನ್ನು ಒಬ್ಬರು ತೆಗೆದುಕೊಳ್ಳಬೇಕು, ಇಲ್ಲವೆ ಗುರುತಿಲ್ಲದ ಪೇಟೆಗೆ ನಡೆದುಹೋಗಬೇಕು. ಮೊಂಡು ಬ್ಲೇಡಿನಲ್ಲಿ, ಸೋಪಿಲ್ಲದೆ, ಕನ್ನಡಿಯ ಚೂರೊಂದನ್ನು ಗೋಡೆಗೆ ಆನಿಸಿ ಬೋಳಿಸಿಕೊಂಡ ಮುಖ ಹೇಗಿದ್ದೀತು? ನನ್ನ ತರಗತಿಯ ಹಿಂದಿನ ಬೆಂಚಿನಲ್ಲಿ ಅಂಥ ಗದ್ದಗಳನ್ನು ಕಂಡಿದ್ದೇನೆ. ಉಳಿದ ಹುಡುಗರು ಅದಕ್ಕೆ ಕೊಳಕು ಎಂದು ಹೆಸರಿಡುತ್ತಿದ್ದರು. ಇದು ಹಳೆಯ ಕಾಲದ ಮಾತು ಎಂದು ಸಮಾಧಾನ ಪಟ್ಟುಕೊಳ್ಳುವ ಹಾಗೂ ಇಲ್ಲ. 2020ರಲ್ಲಿ ನಂಜನಗೂಡು ತಾಲ್ಲೂಕಿನ ಹಲ್ಲರೆಯಲ್ಲಿ, ದಲಿತರಿಗೆ ಕ್ಷೌರ ಮಾಡಿದ್ದಕ್ಕೆ ತನಗೆ ದಂಡ ಹಾಕಿ ಬಹಿಷ್ಕಾರ ಹೇರಿದ್ದಾರೆ ಎಂದು ಕ್ಷೌರಿಕರೊಬ್ಬರು ದೂರಿದ್ದನ್ನು ಪತ್ರಿಕೆಗಳಲ್ಲಿ ಓದಿದೆವು. ಕತ್ತಿ ಹಿಡಿದವನೂ ಬಡವ, ತಲೆ ಒಡ್ಡಿದವನೂ ಬಡವ. ದಂಡ ಹಾಕುವವರು ಮಾತ್ರ ಬೇರೆ.

ಈಗ ನಮ್ಮ ಮನೆಯದೇ ಒಂದು ಪ್ರಸಂಗ. ನನ್ನ ತಂಗಿಯ ಮಗ ಮುತ್ತತ್ತಿಯಲ್ಲಿ ಮುಡಿ ಕೊಟ್ಟು ಗಡ್ಡವನ್ನೂ ತೆಗೆಸಿ ಬಂದ. ಗುಂಗುರು ಕೂದಲಿನ ಹುಡುಗ, ಮೊದಲೇ ಎಣ್ಣೆಮುಖ. ಎರಡು ವಾರಕ್ಕೆ ಗದ್ದದ ತುಂಬ ಗುಳ್ಳೆ. ಪೇಟೆಯ ಔಷಧಿ ಅಂಗಡಿಯೊಂದರಲ್ಲಿ ಕೇಳಿದ, ಅವರು ಒಂದು ಟ್ಯೂಬು ಕೊಟ್ಟರು. ಮೂರು ದಿನಕ್ಕೆ ಮುಖ ಬೆಣ್ಣೆ. ತಿಂಗಳಾಯಿತು, ಹಚ್ಚದಿದ್ದರೆ ಉರಿ, ಹಚ್ಚಿದರೆ ಸುಮ್ಮನೆ. ಆರು ತಿಂಗಳಿಗೆ ಕೆನ್ನೆ ತೆಳ್ಳಗಾಗಿ ಕೆಂಪು ನರಗಳು ಕಾಣತೊಡಗಿದವು, ಗುಳ್ಳೆ ಮೊದಲಿಗಿಂತ ಎರಡರಷ್ಟಾಯಿತು. “ಮಾವ, ಹುಡುಗಿ ನೋಡೋಕೆ ಹೋಗದು ಮುಂದುಕ್ಕೆ ಹಾಕುಸ್ಬುಡು” ಎಂದು ಬಂದು ಕೂತ. ಟ್ಯೂಬನ್ನು ತಿರುಗಿಸಿ ಓದಿದರೆ ಅದರಲ್ಲಿದ್ದದ್ದು ಕ್ಲೋಬೆಟಸಾಲ್, ಬಲವಾದ ಸ್ಟೀರಾಯಿಡ್.

ಇದು ಅವನೊಬ್ಬನ ಕತೆಯಲ್ಲ. ದೇಶದ ಹನ್ನೆರಡು ಕಡೆಯ ಚರ್ಮವೈದ್ಯರು ಸೇರಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮುಖದ ಚರ್ಮದ ತೊಂದರೆ ಹೊತ್ತು ಬಂದ 2926 ಜನರಲ್ಲಿ 433 ಮಂದಿ ಇಂಥ ಸ್ಟೀರಾಯಿಡ್ ಮುಲಾಮು ಹಚ್ಚುತ್ತಿದ್ದವರು. 2018ರ ಮಾರ್ಚಿಯಲ್ಲಿ ಕೇಂದ್ರ ಸರ್ಕಾರ ಹಚ್ಚುವ ಸ್ಟೀರಾಯಿಡ್‌ಗಳಲ್ಲಿ 14ನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಪಟ್ಟಿ ದಿಲ್ಲಿಯಲ್ಲಿದೆ, ಟ್ಯೂಬು ಗಲ್ಲಿಯಲ್ಲಿದೆ.

ಹುಡುಗನನ್ನು ಮಂಡ್ಯದ ಚರ್ಮವೈದ್ಯರೊಬ್ಬರ ಬಳಿಗೆ ಕರೆದುಕೊಂಡು ಹೋದೆ. ದುಬಾರಿ ಪಟ್ಟಿ ಬರೆದಾರು ಎಂಬ ಅಂಜಿಕೆ ಇತ್ತು. ಅವರು ಮೊದಲು ಬರೆದದ್ದು ಔಷಧಿಯಲ್ಲ, ಒಂದು ತಿಂಗಳು ಬ್ಲೇಡು ಮುಟ್ಟಬೇಡ ಎಂಬ ಮಾತು. ಕೂದಲು ಒಂದಿಷ್ಟು ಉದ್ದವಾದರೆ ಒಳಹೊಕ್ಕ ತುದಿಗಳು ತಾವಾಗಿಯೇ ಕಳಚಿಕೊಂಡು ಮೇಲೆ ಬರುತ್ತವಂತೆ. ಸೂಜಿ ಹಾಕಿ ಕೆದಕಬಾರದು. ದಿನಕ್ಕೆ ಎರಡು ಸಲ ಸೌಮ್ಯವಾದ ಸೋಪಿನಲ್ಲಿ ಮುಖ ತೊಳೆಯುವುದು. ಎಣ್ಣೆಮುಖವೆಂದು ಐದಾರು ಸಲ ಉಜ್ಜಿದರೆ ಕೆರಳುತ್ತದೆಯೇ ಹೊರತು ಜಿಡ್ಡಿನ ಗ್ರಂಥಿ ಸುಮ್ಮನಾಗುವುದಿಲ್ಲ. ಸ್ಟೀರಾಯಿಡ್ ಬಿಡಿಸುವುದಕ್ಕೆ ಅವರದೇ ಕ್ರಮ, ಮೊದಮೊದಲು ಉರಿ ಜಾಸ್ತಿಯಾಗುತ್ತದೆ, ಹೆದರಿ ಮತ್ತೆ ಹಚ್ಚಬೇಡ ಎಂದು ಎರಡು ಸಲ ಹೇಳಿದರು. ಉರಿ ಇಳಿದ ಮೇಲೆ ಎರಡೂವರೆ ಪರ್ಸೆಂಟಿನ ಬೆಂಜಾಯಿಲ್ ಪೆರಾಕ್ಸೈಡ್, ರಾತ್ರಿ ತೆಳ್ಳಗೆ ಅಡಾಪಲೀನ್. ಎರಡೂ ಹಳೆಯ ಔಷಧಿಗಳು, ಜಾಹೀರಾತಿನ ಕ್ರೀಮುಗಳ ಮುಂದೆ ಅಗ್ಗವೇ. ಅಡಾಪಲೀನನ್ನು ಬಸುರಿ ಹೆಂಗಸರು ಹಚ್ಚಬಾರದೆಂದು ಜೊತೆಯಲ್ಲಿದ್ದ ನನ್ನ ಸೊಸೆಗೂ ಹೇಳಿದರು. ಬೆಂಜಾಯಿಲ್ ಪೆರಾಕ್ಸೈಡ್ ಟವೆಲಿನ ಬಣ್ಣ ತಿನ್ನುತ್ತದೆ ಎಂಬುದನ್ನು ಮಾತ್ರ ಯಾರೂ ಹೇಳಲಿಲ್ಲ; ತಂಗಿಯ ಮನೆಯ ದಿಂಬುಗಳೆಲ್ಲ ಚುಕ್ಕೆ ಚುಕ್ಕೆ.

ಹುಡುಗನ ಕೆನ್ನೆ ತಹಬಂದಿಗೆ ಬರಲು ವರ್ಷ ಹಿಡಿಯಿತು. ಮುಂದಕ್ಕೆ ಬೋಳಿಸುವುದಾದರೆ ಬಿಸಿನೀರಿನಲ್ಲಿ ನೆನೆಸಿ, ಹೊಸ ಬ್ಲೇಡಿನಲ್ಲಿ, ಕೂದಲು ಮಲಗಿದ ದಿಕ್ಕಿಗೇ, ಚರ್ಮ ಎಳೆಯದೆ ಬೋಳಿಸಬೇಕು. ಅದಕ್ಕಿಂತ ಒಳ್ಳೆಯದು ಒಂದು ಮಿಲಿಮೀಟರ್ ಉಳಿಸುವ ಮಿಷನ್ನು ಎಂದು ವೈದ್ಯರು ಹೇಳಿದ್ದರು. ಕಳೆದ ಶ್ರಾವಣದಲ್ಲಿ ಅವನ ಮಗುವಿನ ಮುಡಿಗೆಂದು ಮುತ್ತತ್ತಿಗೆ ಹೋದಾಗ ನಾನು ಅದೇ ಕ್ಷೌರಿಕರನ್ನು ಕೇಳಿದೆ, ಮಿಷನ್ನಿನಲ್ಲಿ ಯಾಕೆ ತೆಗೆಯಬಾರದು ಎಂದು. ಅವರು ಚೀಲದಿಂದ ಮಿಷನ್ನು ತೆಗೆದು ತೋರಿಸಿದರು, ಚಾರ್ಜೂ ಇತ್ತು. “ನಾನೇನೋ ರೆಡಿ ಮೇಷ್ಟ್ರೇ. ಕೂದ್ಲು ಬುಡುಕ್ಕಂಟ ಹೋಗ್ನಿಲ್ಲ, ಹರಕೆ ತೀರ್ನಿಲ್ಲ ಅಂತ ನಿಮ್ಮಮ್ಮಾರೇ ಒಪ್ಪಕಿಲ್ಲ” ಎಂದರು. ತಂಗಿ ಪಕ್ಕದಲ್ಲೇ ಇದ್ದಳು. ಅಳುವ ಮಗುವಿನ ನೆತ್ತಿಯನ್ನು ಮುಟ್ಟಿ ನೋಡಿ, ಹೊಸ ಬ್ಲೇಡು ಹಾಕಪ್ಪ, ಮೂರು ಎಳೆಯನ್ನು ಬುಡಕ್ಕೆ ತೆಗಿ, ಉಳಿದದ್ದಕ್ಕೆ ಮಿಷನ್ನೇ ಆಗಲಿ ಎಂದಳು.